ಬಿಲ್ಲೆ ಬ್ಯಾಟರಿಯೊಳಗಿನ ಶಹನಾಯಿ

ಫೈಟಿಂಗ್ ಸೀನಿನಲ್ಲಿ ಹೀರೋಗೆ ಡೂಪ್ ಹಾಕಿದ್ದು ನಿಮಗೆ ಗೊತ್ತು. ಹೀರೋಯಿನ್ನಿಗೆ ಡಬ್ಬಿಂಗ್ ಯಾರದು ಅನ್ನೋದೂ ಗೊತ್ತು. ಹಾಡಿನ ನಡುವೆ ತೇಲಿ ಬರುವ ಶಹನಾಯಿ, ಕೊಳಲು, ಇಪ್ಪತ್ತು ಪಿಟೀಲು ಎಷ್ಟೋ ಸಲ ಒಂದೇ ಪೆಟ್ಟಿಗೆಯಿಂದ ಬಂದದ್ದು ಅನ್ನೋದನ್ನೂ ಬಲ್ಲಿರಿ. ಆದರೆ ಆ ಪೆಟ್ಟಿಗೆ ಕೆಟ್ಟರೆ ಯಾರ ಮುಂದೆ ಹೋಗಿ ನಿಲ್ಲಬೇಕು, ಗೊತ್ತೇ ಸ್ವಾಮಿ? ಹೋದ ಗಣಪತಿ ಹಬ್ಬದ ತನಕ ನನಗೂ ಗೊತ್ತಿರಲಿಲ್ಲ.

ನಮ್ಮೂರು ಸೊಕ್ಕೆ, ಜಗಳೂರು ತಾಲ್ಲೂಕು. 1997ರ ತನಕ ಚಿತ್ರದುರ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಜಿಲ್ಲೆ ಬದಲಾಯಿತು, ಮಳೆ ಬದಲಾಗಲಿಲ್ಲ! ಮಳೆ ಕಮ್ಮಿಯಾದರೂ ನಾಟಕಕ್ಕೆ ಕಮ್ಮಿಯಿಲ್ಲ. ಹಬ್ಬ ಬಂತೆಂದರೆ ಸಾಮಾಜಿಕ ನಾಟಕ, ಇಲ್ಲವೇ ರಸಮಂಜರಿ. ಹ್ಯಾಂಡ್‌ಬಿಲ್ಲಿನ ಕೆಳಗೆ ಹಾರ್ಮೋನಿಯಂ ಇಂಥವರು, ತಬಲಾ ಇಂಥವರು, ಕ್ಯಾಸಿಯೋ ಇಂಥವರು ಅಂತ ಅಚ್ಚಾಗಿರುತ್ತದೆ. ಕೀಬೋರ್ಡ್ ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಅದು ಕ್ಯಾಸಿಯೋನೇ.

ನಮ್ಮ ಸೋದರಮಾವನ ಕ್ಯಾಸಿಯೋ ಅಸಲಿಗೆ ರೋಲ್ಯಾಂಡ್ ಎಕ್ಸ್‌ಪಿ-50. 1995ರ ಮಾಡೆಲ್. ಯಾವುದೋ ಆರ್ಕೆಸ್ಟ್ರಾದವರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಮಾವ ಇನ್ನೂ ಹುಡುಗ. ಮಿಕ್ಕವರು ರವಿಚಂದ್ರನ್ ಸ್ಟೈಲು ನೋಡಿ ಕುಣಿದರೆ, ಈತ ಹಂಸಲೇಖರ ಮ್ಯೂಸಿಕ್ ಕೇಳಿ ನಿದ್ದೆಗೆಟ್ಟನಂತೆ. “ಆ ಸೌಂಡು ನಮ್ ಪೆಟ್ಟಿಗಿನಾಗೆ ಯಾಕ್ ಬರಲ್ಲ?” ಅನ್ನೋದು ಆತನ ಪ್ರಶ್ನೆ. ಎಕ್ಸ್‌ಪಿ-50 ಸಿಕ್ಕಮೇಲೆ ಉತ್ತರ ಹುಡುಕಲು ಕೂತ. ಅದರಲ್ಲಿ ನಾವೇ ತಿದ್ದಿದ ನಾದಗಳನ್ನು ಇಟ್ಟುಕೊಳ್ಳಲು 128 ಜಾಗ. ಕಂಪನಿಯ ಶಹನಾಯಿ ಮಾವನಿಗೆ ಹಿಡಿಸಲಿಲ್ಲ. ತಿದ್ದಿ, ತೀಡಿ, ನಮ್ಮ ಮದುವೆ ಮನೆ ಶಹನಾಯಿಯ ಹಾಗೆ ಸ್ವಲ್ಪ ಮೂಗಿನಲ್ಲಿ ಅಳುವಂತೆ ಮಾಡಿದ. ನಾಟಕಕ್ಕೆಂದು ಲೆಗ್ ಹಾರ್ಮೋನಿಯಂ ನಾದ ಬೇರೆ. ಹತ್ತಾರು ವರ್ಷದ ಕೆಲಸ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು. ಪೆಟ್ಟಿಗೆ ಅಟ್ಟ ಸೇರಿತು. ಹಬ್ಬಕ್ಕೆ ನಾನು ನುಡಿಸುತ್ತೇನೆಂದು ಕೆಳಗಿಳಿಸಿದರೆ ಎಂಟು ಹತ್ತು ಕೀ ಮೂಕ! ಸ್ವಿಚ್ ಹಾಕಿದಾಗ ಪುಟ್ಟ ತೆರೆಯಲ್ಲಿ ಒಳಗಿನ ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬೇರೆ.

ಮೊದಲು ಒಂದು ಊರಿನ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. ಅಲ್ಲಿದ್ದ ಹುಡುಗ ಮುಚ್ಚಳವನ್ನೂ ತೆಗೆಯದೆ, “ಬ್ಯಾಟರಿ ಚೇಂಜ್, ರೀಸೆಟ್, ಸಾಯಂಕಾಲ ಬನ್ನಿ. ಹೊಸದರ ಥರ ಆಗಿರುತ್ತೆ” ಎಂದ. ನಾನು ಜೇಬಿಗೆ ಕೈ ಹಾಕಿದ್ದೆ. ಬೆಂಚಿನ ಮೇಲೆ ಕೂತಿದ್ದ ಮಾವ ತೊದಲುತ್ತಾ, “ಹೊಸದರಂಗ ಆಗೋದು ಬ್ಯಾಡ. ಎತ್ತಲೇ ಅಳಿಯಾ” ಅಂದ. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಕಂಡಕ್ಟರ್ ಬೇರೆ ಪೆಟ್ಟಿಗೆ ನೋಡಿ ಲಗೇಜ್ ಕಿತ್ತ. 2023ರಿಂದ ಹೆಂಗಸರಿಗೆ ಬಸ್ಸು ಫ್ರೀ. ಶಹನಾಯಿಗೆ ಇನ್ನೂ ಆಗಿಲ್ಲ!

ಒಂದು ವಾರ ಬಿಟ್ಟು ದಾವಣಗೆರೆ. ಬೆಣ್ಣೆದೋಸೆ ತಿಂದೇ ಹೋದೆವು, ಅದು ಬೇರೆ ಮಾತು. ಮಂಡಿಪೇಟೆ ದಾಟಿ ಒಂದು ಗಲ್ಲಿ, ಬೋರ್ಡೇ ಇಲ್ಲದ ಅಂಗಡಿ. ಗೋಡೆ ತುಂಬ ಕೀಬೋರ್ಡುಗಳ ಅಸ್ಥಿಪಂಜರ. ಬಿಳಿಗಡ್ಡದ ರಿಪೇರಿ ಅಣ್ಣ ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: “ಒಳಗೆ ನಿಮ್ಮದು ಏನಾದ್ರೂ ಐತಾ?” ದುಡ್ಡು ಗಿಡ್ಡು ಇಟ್ಟಿದ್ದೇವಾ ಅಂತ ಕೇಳುತ್ತಿದ್ದಾನೆ ಅಂದುಕೊಂಡೆ. ಮಾವನಿಗೆ ಮಾತ್ರ ಅರ್ಥವಾಯಿತು. ಮುಖ ಅರಳಿತು.

ವಿಷಯ ಇಷ್ಟೇ. ಹಾಗೆ ತಿದ್ದಿ ಇಟ್ಟ ನಾದಗಳು ಕರೆಂಟ್ ತೆಗೆದಮೇಲೂ ನೆನಪಿನಲ್ಲಿ ಉಳಿಯುವುದು ಒಳಗಿರುವ ಒಂದು ಬಿಲ್ಲೆ ಬ್ಯಾಟರಿಯ ದಯೆಯಿಂದ. ಬ್ಯಾಟರಿ ಕಿತ್ತರೆ ನೆನಪು ಖಾಲಿ. ರೀಸೆಟ್ ಮಾಡಿದರೆ ಕಂಪನಿ ಕೊಟ್ಟದ್ದು ವಾಪಸ್ ಬರುತ್ತದೆ, ಮಾವ ಮಾಡಿದ್ದು ಬರುವುದಿಲ್ಲ. 1983ರಲ್ಲಿ ಬಂದು ಸಿನಿಮಾ ಹಾಡುಗಳ ಬಣ್ಣವನ್ನೇ ಬದಲಿಸಿದ ಯಮಹಾ ಡಿಎಕ್ಸ್7 ಇದೆಯಲ್ಲ, ಅದರಲ್ಲೂ ಇದೇ ಕಥೆ. ಅದರ ಬಿಲ್ಲೆಗೆ ಬೆಸುಗೆ ಬೇರೆ ಹಾಕಿದ್ದಾರೆ.

ಅಣ್ಣ ಮೊದಲು ಪೆಟ್ಟಿಗೆಯ ಹಿಂದಿನ ಮಿಡಿ ತೂತಿನಿಂದ ಕಂಪ್ಯೂಟರಿಗೆ ವೈರ್ ಎಳೆದ. ಒಳಗಿನ 128 ನಾದವೂ ಅಂಕಿಗಳಾಗಿ ಕಂಪ್ಯೂಟರಿನೊಳಕ್ಕೆ ಹರಿಯಿತು. ಮಾವ ಉಸಿರು ಬಿಗಿಹಿಡಿದು ಕೂತಿದ್ದ. ನಮ್ಮ ಹಾಡುಗಳ ರಿದಂ ಎಲ್ಲ ಫ್ಲಾಪಿಯಲ್ಲಿತ್ತು. ಆ ಡಬ್ಬಿ ತೆಗೆದರೆ ಬೂಸಲು! ಒಂದೊಂದೇ ಹಾಕಿ ನೋಡಿದ. ಹನ್ನೊಂದು ಫ್ಲಾಪಿಯಲ್ಲಿ ಒಂದೂ ಓದಲಿಲ್ಲ. “ಇದು ಹೋಯ್ತು ತಮ್ಮಾ” ಎಂದ, ಸುತ್ತಿ ಬಳಸಿ ಹೇಳಲಿಲ್ಲ. ಮಾವ ಗೋಡೆ ಕಡೆ ತಿರುಗಿ ಕೂತ.

ಆಮೇಲೆ ಸ್ಕ್ರೂ ಬಿಚ್ಚಿದ. ಕೀ ಕೆಳಗೆ ರಬ್ಬರ್ ಪಟ್ಟಿ, ಪಟ್ಟಿಯೊಳಗೆ ಕಪ್ಪು ಇಂಗಾಲದ ಚುಕ್ಕಿ. ಕೀ ಒತ್ತಿದರೆ ಚುಕ್ಕಿ ಹೋಗಿ ಬೋರ್ಡಿನ ಗೆರೆ ಮುಟ್ಟಬೇಕು. ಒಂದು ಕೀಗೆ ಎರಡು ಚುಕ್ಕಿ. ಮೊದಲನೆಯದು ಮುಟ್ಟಿದ ಎಷ್ಟು ಹೊತ್ತಿಗೆ ಎರಡನೆಯದು ಮುಟ್ಟಿತು ಅನ್ನೋದರ ಮೇಲೆ ಬೆರಳು ಜೋರಾಗಿ ಬಿತ್ತೋ ಮೆತ್ತಗೆ ಬಿತ್ತೋ ಲೆಕ್ಕ. ಪಿಯುಸಿಯಲ್ಲಿ ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ನಾನು ಕಾಲೇಜು ಬಿಡುತ್ತಿರಲಿಲ್ಲವೇನೋ! ನಮ್ಮ ಪೆಟ್ಟಿಗೆಯಲ್ಲಿ ಆ ಚುಕ್ಕಿಗೂ ಗೆರೆಗೂ ನಡುವೆ ಸೊಕ್ಕೆಯ ಕೆಂಧೂಳು ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಗೆರೆ ಒರೆಸಿದ. ಚುಕ್ಕಿಯನ್ನು ಮಾತ್ರ ಉಜ್ಜಲಿಲ್ಲ. “ಉಜ್ಜಿದ್ರೆ ಇಂಗಾಲ ಎದ್ದುಹೋಗ್ತದೆ, ಆಮೇಲೆ ರಬ್ಬರ್ ಪಟ್ಟೀನೇ ಹುಡುಕಬೇಕು. ಹಳೇ ಮಾಡೆಲ್ಲಿಗೆ ಅದೆಲ್ಲಿ ಸಿಗ್ತದೆ?”

ಕೈ ಆಡುತ್ತಿದ್ದಂತೆ ಬಾಯಿಯೂ ಆಡಿತು. ಆತನ ಬಳಿ ಬರುವ ಸಣ್ಣ ಕೀಬೋರ್ಡುಗಳಲ್ಲಿ ಎಷ್ಟೋ ಅಡಾಪ್ಟರಿನಿಂದ ಸತ್ತವು. ಹಳೇ ಕ್ಯಾಸಿಯೋಗಳಿಗೆ ಹೆಚ್ಚಾಗಿ 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಯಮಹಾಗೆ 12 ವೋಲ್ಟ್, ನಡುವೆ ಪ್ಲಸ್. ಅವಸರದಲ್ಲಿ ಅದರದು ಇದಕ್ಕೆ ಚುಚ್ಚಿದರೆ ಮುಗೀತು ಕಥೆ. 1991ರ ರೋಲ್ಯಾಂಡ್ ಜೆಡಿ-800ರಲ್ಲಿ ಕೀ ಒಳಗಿನ ತೂಕದ ತುಂಡಿಗೆ ಹಚ್ಚಿದ ಕೆಂಪು ಅಂಟು ವರ್ಷ ಕಳೆದಂತೆ ಕರಗಿ ಇಳಿಯುತ್ತದಂತೆ, ಕೀಗಳೆಲ್ಲ ಜಿಗುಟು. “ಜಪಾನಿನವರೂ ತಪ್ಪು ಮಾಡ್ತಾರೆ!” ಅಂತ ನಕ್ಕ.

ಹೊಸ ಬಿಲ್ಲೆ ಹಾಕಿ, ರೀಸೆಟ್ ಮಾಡಿ, ಕಂಪ್ಯೂಟರಿನಿಂದ ಎಲ್ಲ ವಾಪಸ್ ತುಂಬಿದ. ನಾನು ಹೋಗಿ ಬಂದ ಖರ್ಚೂ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಮಾವನ 128 ನಾದವನ್ನು ಪೆನ್‌ಡ್ರೈವಿಗೂ ಹಾಕಿಕೊಟ್ಟ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

“ನೋಡ್ರಿ ಯಜಮಾನ್ರೇ” ಅಂತ ಪೆಟ್ಟಿಗೆಯನ್ನು ಮಾವನ ಕಡೆ ತಿರುಗಿಸಿದ. ಮಾವ ಎಡಗೈಯಿಂದ ನಂಬರ್ ಒತ್ತಿ ಶಹನಾಯಿ ತೆಗೆದ. ಒಂದೇ ಬೆರಳಲ್ಲಿ ನುಡಿಸಿದ. ಮೂಗಿನಲ್ಲಿ ಅಳುವ ಅದೇ ದನಿ ಆ ಗಲ್ಲಿ ತುಂಬ ಹರಡಿತು. ಎದುರಿನ ಟೈಲರ್ ಮಿಷನ್ ನಿಲ್ಲಿಸಿದ.

ಗಣಪತಿ ಮುಂದೆ ನಾನೇ ನುಡಿಸಿದೆ. ರಿದಂ ಫ್ಲಾಪಿ ಇಲ್ಲದ್ದರಿಂದ ಪಕ್ಕದೂರಿನ ಡೋಲಕ್ ಹುಡುಗನನ್ನು ಕರೆಸಿಕೊಂಡೆವು. ಎರಡು ಕಡೆ ತಾಳ ತಪ್ಪಿತು. ಮಾವ ಮುಂದಿನ ಸಾಲಿನ ಕುರ್ಚಿಯಿಂದಲೇ, “ಶಹನಾಯಿ ನಂದು, ಬೆರಳು ಯಾರ್ದಲೇ?” ಅಂತ ಕೂಗಿದ.