ನೆವವಲ್ಲದ ನೋವು

ಮೊನ್ನೆ ಅಲೆವೂರಿನ ನಮ್ಮ ಜಗಲಿಗೆ ಹಳೆಯ ಶಿಷ್ಯನೊಬ್ಬನು ತಂದೆಯೊಡನೆ ಬಂದಿದ್ದನು. ಪ್ರಾಯ ಇಪ್ಪತ್ತೆರಡು. ಆರು ತಿಂಗಳಿನಿಂದ ಹೊಟ್ಟೆನೋವು, ನಿದ್ರಾನಾಶ. ಮಣಿಪಾಲದ ವೈದ್ಯರ ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲವಂತೆ. “ಎಲ್ಲವೂ ಸೋಗು, ಮಾಸ್ತರೇ” ಎಂದರು ತಂದೆ. ನಾವೂ ಶಾಲೆಯಲ್ಲಿ ಎಷ್ಟೋ ಹುಡುಗರ ಹೊಟ್ಟೆನೋವನ್ನು ನೆವವೆಂದೇ ಬಗೆದವರು, ಈಗ ನಾಚಿಕೆಯಾಗುತ್ತದೆ. ಶರೀರವೂ ಮನಸ್ಸೂ ಎರಡೂ ವ್ಯಾಧಿಗೆ ಆಶ್ರಯವೆಂದು ಚರಕಸಂಹಿತೆಯು ಎಂದೋ ಹೇಳಿದೆ. ಚಿಂತೆಯಿಂದ ನಿದ್ರೆ ಕೆಡುವುದು, ಜಠರದ ನಡೆ ತಪ್ಪುವುದು. ನಿದ್ರೆ ಕೆಟ್ಟರೆ ಚಿಂತೆಯು ಇಮ್ಮಡಿಸುವುದು.

ಏಕಾಂತದಲ್ಲಿ ಕೇಳಲಾಗಿ, ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣನಾದುದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದನೆಂದು ತಿಳಿಯಿತು. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ಗೆ, 14416 ಸಂಖ್ಯೆಗೆ ಕರೆದರೆ ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಅವನು ನಮ್ಮ ಜಗಲಿಯಿಂದಲೇ ಕರೆದನು. ಅರ್ಧ ಗಂಟೆಯವರೆಗೆ ತಂದೆಯವರು ಅಂಗಳದಲ್ಲಿ ನಿಂತೇ ಇದ್ದರು.