ಪರವಾನಗಿ ಪಡೆದ ಜನಮೈತ್ರಿ

ಸ್ವಾತಂತ್ರ್ಯದ ಹೆಸರೆತ್ತದೆ ಒಂದು ಭಾಷಣವನ್ನೂ ಮುಗಿಸದ ಅಮೆರಿಕದ ಆಳರಸರು, ತಮ್ಮ ದೇಶದ ದಕ್ಷಿಣ ತುದಿಯಿಂದ ಕೇವಲ 90 ಮೈಲು ದೂರದಲ್ಲಿರುವ ಕ್ಯೂಬಾ ದ್ವೀಪಕ್ಕೆ ತಮ್ಮದೇ ಪ್ರಜೆಗಳು ಬರಿಯ ಪ್ರವಾಸಿಗಳಾಗಿ ಹೋಗಕೂಡದೆಂದು ಕಟ್ಟು ಮಾಡಿದ್ದಾರೆ. ಮೊದಮೊದಲು ಅದು ಸರ್ಕಾರಿ ನಿಯಮಗಳ ಬಲದ ಮೇಲೆ ನಡೆಯುತ್ತಿತ್ತು. 2000ನೆಯ ಇಸವಿಯಲ್ಲಿ ಅಲ್ಲಿನ ಶಾಸನಸಭೆಯೇ ಅದಕ್ಕೆ ಕಾಯಿದೆಯ ಮೊಹರನ್ನು ಒತ್ತಿತು. ಈ ಕಟ್ಟನ್ನು ನೋಡಿಕೊಳ್ಳುವುದು ಯಾವ ಇಲಾಖೆ ಬಲ್ಲಿರಾ? ಶಿಕ್ಷಣ ಇಲಾಖೆಯಲ್ಲ, ಖಜಾನೆ ಇಲಾಖೆ! ‘ಹೋಗಬೇಡಿ’ ಎಂದು ಅದು ನೇರವಾಗಿ ಹೇಳುವುದಿಲ್ಲ. ‘ಅಲ್ಲಿ ಹಣ ಖರ್ಚು ಮಾಡಬೇಡಿ’ ಎನ್ನುತ್ತದೆ. ಅಂದರೆ ಉಣ್ಣದೆ, ಮಲಗದೆ, ಬಸ್ಸು ಹತ್ತದೆ ತಿರುಗಿ ಬರಬಲ್ಲ ಮಹಾಪುರುಷನಿಗೆ ಯಾವ ಅಡ್ಡಿಯೂ ಇಲ್ಲ! ಇದು ಪ್ರಜೆಯ ಹಕ್ಕಿಗೆ ವಿರುದ್ಧವೆಂದು ಕೆಲವರು ಕೋರ್ಟಿಗೆ ಹೋದರು. 1984ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ನಾಲ್ವರ ವಿರುದ್ಧ ಐವರ ಮತದಿಂದ ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು.

ಇಂತಹ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಅದಕ್ಕೆ ‘ಜನರಿಂದ ಜನರಿಗೆ’ ಎಂಬ ಸೊಗಸಾದ ಹೆಸರಿಟ್ಟಿದ್ದಾರೆ. ವಿದ್ಯಾಭ್ಯಾಸಕ್ಕಾಗಿ ಗುಂಪು ಕಟ್ಟಿಕೊಂಡು ಹೋಗಬಹುದು. ಆದರೆ ಕಳಿಸುವ ಸಂಸ್ಥೆಯ ಪ್ರತಿನಿಧಿ ಜೊತೆಯಲ್ಲೇ ಇರಬೇಕು. ದಿನವಿಡೀ ಕಾರ್ಯಕ್ರಮ ತುಂಬಿರಬೇಕು. ಸುಮ್ಮನೆ ಸಮುದ್ರದ ದಂಡೆಯಲ್ಲಿ ಕೂತರೆ ಅದು ಅಪರಾಧ. ಲೆಕ್ಕಪತ್ರಗಳನ್ನು ವರ್ಷಗಟ್ಟಲೆ ಕಾದಿಡಬೇಕು. ಈ ಕಿಂಡಿಯ ಕಥೆಯಂತೂ ಮಕ್ಕಳ ಆಟಕ್ಕಿಂತ ಕಡೆ. ಕಾರ್ಟರ್ 1977ರಲ್ಲಿ ನಿರ್ಬಂಧವನ್ನು ಸಡಿಲ ಬಿಟ್ಟರು. ರೇಗನ್ 1982ರಲ್ಲಿ ಬಿಗಿದರು. ಕ್ಲಿಂಟನ್ 1999ರಲ್ಲಿ ಕಿಂಡಿ ತೆರೆದರು. ಬುಷ್ 2003ರಲ್ಲಿ ಮುಚ್ಚಿದರು. ಒಬಾಮ 2011ರಲ್ಲಿ ಗುಂಪುಗಳಿಗೂ, 2016ರಲ್ಲಿ ಒಂಟಿಯಾಗಿ ಹೋಗುವವರಿಗೂ ಅವಕಾಶ ಕೊಟ್ಟರು. ಟ್ರಂಪ್ 2017ರಲ್ಲಿ ಒಂಟಿ ಪ್ರಯಾಣವನ್ನೂ, 2019ರಲ್ಲಿ ಗುಂಪು ಪ್ರಯಾಣವನ್ನೂ ಕಿತ್ತುಕೊಂಡು ಪ್ರವಾಸಿ ಹಡಗುಗಳನ್ನೂ ತಡೆದರು. 2022ರಲ್ಲಿ ಬೈಡನ್ ಗುಂಪುಗಳಿಗೆ ಮತ್ತೆ ಬಾಗಿಲು ತೆರೆದರು. 2025ರ ಜೂನ್ ತಿಂಗಳಲ್ಲಿ ಟ್ರಂಪ್ ಮತ್ತೆ ಬಿಗಿ ಮಾಡುವ ಆಜ್ಞೆ ಹೊರಡಿಸಿದರು.

ನಾವು ಕೇಳುತ್ತೇವೆ: ಕ್ಯೂಬಾದ ಸಂಸ್ಕೃತಿಯು ನೋಡಲು ಯೋಗ್ಯವಾಗಿ, ಅಯೋಗ್ಯವಾಗಿ, ಮತ್ತೆ ಯೋಗ್ಯವಾಗಿ ಇಷ್ಟು ಸಲ ಬದಲಾಯಿತೆ? ಅಲ್ಲ. ಬದಲಾದದ್ದು ಶ್ವೇತಭವನದ ಯಜಮಾನರು. ಬದಲಾಗದೆ ಉಳಿದದ್ದು ಫ್ಲಾರಿಡಾ ರಾಜ್ಯದ ಓಟಿನ ಲೆಕ್ಕ. ಸ್ನೇಹಕ್ಕೆ ಪರವಾನಗಿ ಬೇಕೆಂದರೆ ಅದು ಸ್ನೇಹವಲ್ಲ, ಪಡಿತರ.

ಇರಲಿ. ಹೀಗೆ ಪರವಾನಗಿ ಹಿಡಿದು ಹೋದವರಿಗೆ ತೋರಿಸುವುದೇನು? ಬಣ್ಣಬಣ್ಣದ ಹಳೆಯ ಮೋಟಾರುಗಳು, ಚುಟ್ಟದ ಕಾರ್ಖಾನೆ, ಸಂಜೆಗೆ ಸಂಗೀತ. ಈಚೆಗೆ ಅದರೊಂದಿಗೆ ‘ಬದಲಾಗುತ್ತಿರುವ ತಂತ್ರಜ್ಞಾನ’. ಇವೆಲ್ಲ ನೋಡತಕ್ಕವೇ. ಆದರೆ ಪ್ರತಿಯೊಂದರ ಹಿಂದೆಯೂ ದುಡಿಯುವವನ ಒಂದು ಕಥೆಯಿದೆ, ಗುಂಪಿನ ವೇಳಾಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಆ ಕಥೆಯನ್ನು ನಾವು ಹೇಳುತ್ತೇವೆ.

ಮೊದಲು ಮೋಟಾರು. ಹವಾನಾದ ಬೀದಿಗಳಲ್ಲಿ 1950ರ ಸುಮಾರಿನ ಷೆವರ್ಲೆ, ಬ್ಯೂಕ್ ಗಾಡಿಗಳು ಇನ್ನೂ ಓಡುವುದು ಕ್ಯೂಬಾದವರಿಗೆ ಹಳೆಯದರ ಮೇಲೆ ಮೋಹವೆಂದಲ್ಲ. ಅಮೆರಿಕವು 1960ರಲ್ಲಿ ರಫ್ತನ್ನು ತಡೆದು, 1962ರ ಫೆಬ್ರವರಿಯಲ್ಲಿ ಪೂರ್ಣ ವ್ಯಾಪಾರ ದಿಗ್ಬಂಧನ ಹಾಕಿತು. ಬಿಡಿಭಾಗ ಬರುವುದು ನಿಂತಿತು. ಅಲ್ಲಿನ ಮೆಕ್ಯಾನಿಕ್ಕು ಇದಕ್ಕೆ ಅದರದು, ಅದಕ್ಕೆ ಇದರದು ಜೋಡಿಸಿ, ಬೇರೆ ಗಾಡಿಯ ಡೀಸೆಲ್ ಎಂಜಿನ್ನು ಕೂರಿಸಿ, ಅರವತ್ತು ವರ್ಷ ಗಾಡಿ ಓಡಿಸಿದ. ನಮ್ಮ ಊರಿನ ಗ್ಯಾರೇಜುಗಳಲ್ಲಿ ಮೈಯೆಲ್ಲ ಮಸಿಯಾಗಿ ದುಡಿಯುವ ಹುಡುಗರಿಗೆ ಈ ಜಾಣತನದ ಬೆಲೆ ಗೊತ್ತು. ಆದರೆ ಕಥೆಯ ಇನ್ನರ್ಧವನ್ನೂ ಹೇಳಬೇಕು. 2011ರವರೆಗೆ ಕ್ಯೂಬಾದ ಸಾಮಾನ್ಯ ಪ್ರಜೆ ಮುಕ್ತವಾಗಿ ಕೊಂಡು ಮಾರಬಹುದಾಗಿದ್ದುದು ಕ್ರಾಂತಿಗೆ ಹಿಂದಿನ ಗಾಡಿಗಳನ್ನು ಮಾತ್ರ. 2014ರಲ್ಲಿ ಸರ್ಕಾರದ ಅಂಗಡಿಗಳು ಹೊಸ ಗಾಡಿ ಮಾರಲು ತೊಡಗಿದಾಗ ಒಂದು ಪೂಜೋ ಕಾರಿಗೆ 2 ಲಕ್ಷ 60 ಸಾವಿರ ಡಾಲರಿಗೂ ಮೀರಿ ಬೆಲೆ ಕಟ್ಟಿದರು. ತಿಂಗಳಿಗೆ 20–25 ಡಾಲರ್ ಸಂಬಳದ ನಾಡಿನಲ್ಲಿ! ಪ್ರವಾಸಿಯ ಕಣ್ಣಿಗೆ ಚಂದ ಕಾಣುವ ಆ ಗಾಡಿ, ಎರಡು ಸರ್ಕಾರಗಳ ಹಟದ ನಡುವೆ ಸಿಕ್ಕಿದ ಬಡವನ ಬವಣೆಯ ಗುರುತು.

ಎರಡನೆಯದು ಚುಟ್ಟದ ಕಾರ್ಖಾನೆ. ಗಿರಣಿಯ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. 1865ರಲ್ಲಿ ಹವಾನಾದ ಎಲ್ ಫಿಗಾರೋ ಕಾರ್ಖಾನೆಯ ಕೆಲಸಗಾರರು, ತಾವು ಎಲೆ ಸುತ್ತುತ್ತ ಕೂತಿರುವಾಗ ಗಟ್ಟಿಯಾಗಿ ಓದಿ ಹೇಳಲು ಒಬ್ಬ ಓದುಗನನ್ನು ನೇಮಿಸಿಕೊಂಡರು. ಸಂಬಳ ಕೊಟ್ಟದ್ದು ಧಣಿಯಲ್ಲ. ಕೆಲಸಗಾರರೇ ತಮ್ಮ ಕೂಲಿಯಿಂದ ಎತ್ತಿ ಕೊಟ್ಟರು. ವೃತ್ತಪತ್ರಿಕೆ, ಕಾದಂಬರಿ, ಕಾರ್ಮಿಕ ವಿಚಾರ ಎಲ್ಲವನ್ನೂ ಕೇಳಿದರು. ಮರುವರ್ಷವೇ ಸ್ಪೇನಿನ ಅಧಿಕಾರಿ ಇದನ್ನು ನಿಷೇಧಿಸಿದ. ಪದ್ಧತಿ ಮತ್ತೆ ತಲೆಯೆತ್ತಿತು. ಕ್ಯೂಬಾದ ಚುಟ್ಟದ ಕೆಲಸಗಾರರು ವಲಸೆ ಹೋಗಿ ನೆಲೆಸಿದ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ, ಸ್ವಾತಂತ್ರ್ಯ ಹೋರಾಟಗಾರ ಹೊಸೆ ಮಾರ್ತಿ 1891ರಲ್ಲಿ ಭಾಷಣ ಮಾಡಿ ಬೆಂಬಲ ಗಳಿಸಿದ್ದು ಇಂತಹ ವಿಚಾರವಂತ ಶ್ರಮಜೀವಿಗಳ ನಡುವೆಯೇ. ಅದೇ ಟ್ಯಾಂಪಾದಲ್ಲಿ 1931ರಲ್ಲಿ ಮಾಲೀಕರು ಓದುಗರನ್ನು ಹೊರದೂಡಿ ಅವರ ಜಾಗದಲ್ಲಿ ರೇಡಿಯೋ ಇಟ್ಟರು. ‘ಬದಲಾಗುತ್ತಿರುವ ತಂತ್ರಜ್ಞಾನ’ ಎಂದರೇನೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಯಂತ್ರ ಬಂತು ಎಂಬುದು ಮುಖ್ಯವಲ್ಲ. ಅದರ ಗುಂಡಿ ಯಾರ ಕೈಯಲ್ಲಿದೆ ಎಂಬುದು ಮುಖ್ಯ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರಲ್ಲಿಯೂ ಇದೇ ಪದ್ಧತಿ ಬೆಳೆದಿತ್ತು: ಒಬ್ಬ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟುತ್ತಿದ್ದರು. ಕಡಲುಗಳ ಆಚೆ ಈಚೆ, ಒಬ್ಬರ ಮುಖವನ್ನೊಬ್ಬರು ಕಾಣದ ಬಡವರು ಒಂದೇ ದಾರಿ ಹಿಡಿದರಲ್ಲ! ‘ಜನರಿಂದ ಜನರಿಗೆ’ ಎಂಬುದು ನಿಜವಾಗಿ ಇದು. ಇದಕ್ಕೆ ಯಾವ ಖಜಾನೆ ಇಲಾಖೆಯ ಮೊಹರೂ ಬೇಕಾಗಲಿಲ್ಲ.

ಮೂರನೆಯದು ಇಂಟರ್ನೆಟ್ಟು. ಕ್ಯೂಬಾದ ಸಾಮಾನ್ಯರು ಮೊಬೈಲು ಇಟ್ಟುಕೊಳ್ಳಲು ಸರ್ಕಾರ ಬಿಟ್ಟದ್ದೇ 2008ರಲ್ಲಿ. ಸಮುದ್ರದ ತಳದ ಕೇಬಲು ವೆನಿಜುವೆಲಾದಿಂದ ಬಂದು 2013ರಲ್ಲಿ ಜೀವ ಪಡೆಯಿತು. 2015ರಲ್ಲಿ ಉದ್ಯಾನಗಳಲ್ಲಿ ವೈಫೈ ಬಂದಾಗ ಗಂಟೆಗೆ 2 ಡಾಲರ್, ಅಂದರೆ ಎರಡು ಮೂರು ದಿನದ ಸಂಬಳ. ಮೊಬೈಲಿನಲ್ಲಿ ಇಂಟರ್ನೆಟ್ಟು ಬಂದದ್ದು 2018ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಅಲ್ಲಿನ ಯುವಕರು ತಮ್ಮದೇ ವ್ಯವಸ್ಥೆ ಕಟ್ಟಿಕೊಂಡಿದ್ದರು. ಸಿನಿಮಾ, ಧಾರಾವಾಹಿ, ಹಾಡು, ಜಾಹೀರಾತು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ‘ವಾರದ ಪೊಟ್ಟಣ’ವೆಂದು ಕರೆದು, ಪೇಪರು ಹಾಕುವ ಹುಡುಗರಂತೆ ಮನೆಮನೆಗೆ ಮುಟ್ಟಿಸಿದರು. ಪ್ರವಾಸಿಗಳಿಗೆ ಇದೊಂದು ಸೋಜಿಗ. ನಮಗೆ ಇದು ಸಣ್ಣ ವ್ಯಾಪಾರಿಯ ಬುದ್ಧಿವಂತಿಕೆಗೆ ಸಾಕ್ಷಿ.

ಈ ಹಿಂದುಳಿಯುವಿಕೆಗೆ ಹೊಣೆ ಯಾರು? ಕ್ಯೂಬಾದಲ್ಲಿ ಇಂಟರ್ನೆಟ್ ಸ್ವಾತಂತ್ರ್ಯವಿಲ್ಲವೆಂದು ಕಣ್ಣೀರಿಡುವ ವಾಷಿಂಗ್ಟನ್ನಿನವರೇ, ಹತ್ತಿರದ ಕೇಬಲಿನಿಂದ ಕ್ಯೂಬಾಕ್ಕೆ ಕೊಂಡಿ ಹಾಕುವ ಅರ್ಜಿಯನ್ನು ತಿರಸ್ಕರಿಸುವಂತೆ 2022ರಲ್ಲಿ ಶಿಫಾರಸು ಮಾಡಿದರು. ಅತ್ತ ಹವಾನಾದವರು? 2021ರ ಜುಲೈ 11ರಂದು ಅನ್ನ, ಔಷಧ, ವಿದ್ಯುತ್ತು ಇಲ್ಲವೆಂದು ಊರೂರುಗಳಲ್ಲಿ ಜನ ಬೀದಿಗಿಳಿದಾಗ ಇಂಟರ್ನೆಟ್ಟನ್ನೇ ಕತ್ತರಿಸಿದರು. ನೂರಾರು ಜನರನ್ನು ಜೈಲಿಗೆ ತಳ್ಳಿದರು. ಒಬ್ಬನು ತಂತಿ ಕೊಡುವುದಿಲ್ಲ, ಇನ್ನೊಬ್ಬನು ಇದ್ದ ತಂತಿಯನ್ನು ಕತ್ತರಿಸುತ್ತಾನೆ. ಕೋಣಗಳೆರಡರ ಕಾದಾಟದಲ್ಲಿ ಗಿಡಕ್ಕೆ ಕುತ್ತು ಬಂದಂತಾಯಿತು.

ಸಮಾಜವಾದಿಗಳಾದ ನಾವು ಕ್ಯೂಬಾದ ಕ್ರಾಂತಿಯ ಒಳಿತನ್ನು ಮರೆಮಾಚುವವರಲ್ಲ. 1961ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ ಹುಡುಗ ಹುಡುಗಿಯರು ಕಂದೀಲು ಹಿಡಿದು ಹಳ್ಳಿಗಳಿಗೆ ಹೋಗಿ, ಇತರರೊಡನೆ ಸೇರಿ, 7 ಲಕ್ಷ ಜನರಿಗೆ ಓದುಬರಹ ಕಲಿಸಿದರು. ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದನ್ನು ತಡೆದ ಮೊದಲ ದೇಶವೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯೂಬಾಕ್ಕೆ ಪ್ರಮಾಣಪತ್ರ ಕೊಟ್ಟಿತು. ಕೋವಿಡ್ ಕಾಲದಲ್ಲಿ ತನ್ನದೇ ಲಸಿಕೆಗಳನ್ನು ತಯಾರಿಸಿತು. 2002ರಲ್ಲಿ ಅರ್ಧದಷ್ಟು ಸಕ್ಕರೆ ಗಿರಣಿಗಳನ್ನು ಮುಚ್ಚಿದಾಗ, ಕೆಲಸ ಹೋದ ಕಾರ್ಮಿಕರಿಗೆ ಸಂಬಳ ಕೊಟ್ಟು ಓದಿಗೆ ಕಳಿಸುವ ಏರ್ಪಾಡು ಮಾಡಿತು. ಗಿರಣಿಗೆ ಬೀಗ ಬಿದ್ದ ಮೇಲೆ ಬಾಕಿ ಕೂಲಿಗಾಗಿ ಕೋರ್ಟಿನ ಮೆಟ್ಟಿಲು ಸವೆಸಿದ ನಮ್ಮವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಳ್ಳೆಯ ಆಸ್ಪತ್ರೆ ಕಟ್ಟಿದವನಿಗೆ ಬಾಯಿ ಮುಚ್ಚಿಸುವ ಹಕ್ಕು ಬರುವುದಿಲ್ಲ. ನಮ್ಮ ಸಣ್ಣ ವರ್ತಕರು ಇದನ್ನು ಕೇಳಲಿ: 1968ರ ಮಾರ್ಚಿಯಲ್ಲಿ ಕ್ಯೂಬಾ ಸರ್ಕಾರವು 50 ಸಾವಿರಕ್ಕೂ ಮಿಕ್ಕಿದ ಸಣ್ಣ ಅಂಗಡಿ, ಕಸುಬುಗಳನ್ನು ವಶಪಡಿಸಿಕೊಂಡಿತು. ಕಿರಾಣಿಯವನು, ಚಮ್ಮಾರ, ತಿಂಡಿಯ ಗಾಡಿಯವನು, ಯಾರನ್ನೂ ಬಿಡಲಿಲ್ಲ. ಇದು ಬಂಡವಾಳಶಾಹಿಯ ನಾಶವೆ? ತಕ್ಕಡಿ ಹಿಡಿದು ಹೊಟ್ಟೆ ಹೊರೆಯುವವನು ಬಂಡವಾಳಗಾರನೆ? ಆಮೇಲೆ ಏನಾಯಿತು? ಅದೇ ಸರ್ಕಾರ 2010ರಿಂದ ಸ್ವಂತ ಕಸುಬಿಗೆ ಹೆಚ್ಚು ಅವಕಾಶ ಕೊಟ್ಟು, 2021ರಲ್ಲಿ 100 ಜನರವರೆಗಿನ ಖಾಸಗಿ ಉದ್ಯಮಗಳಿಗೆ ಒಪ್ಪಿಗೆಯಿತ್ತಿತು. ಐವತ್ತು ವರ್ಷ ಜನರನ್ನು ಸಾಲಿನಲ್ಲಿ ನಿಲ್ಲಿಸಿದ ಮೇಲೆ ಬುದ್ಧಿ ಬಂತು! ತನ್ನ ಪ್ರಜೆ ದೇಶ ಬಿಟ್ಟು ಹೊರಗೆ ಹೋಗಲು ಅಪ್ಪಣೆ ಚೀಟಿ ಬೇಕೆಂಬ ಕಟ್ಟನ್ನು 2013ರವರೆಗೆ ಉಳಿಸಿಕೊಂಡಿತ್ತು. 2008ರವರೆಗೆ, ಪರದೇಶದವರಿಗೆಂದು ಕಟ್ಟಿದ ಹೋಟೆಲುಗಳಲ್ಲಿ ಕ್ಯೂಬಾದವನೇ ಕೋಣೆ ಹಿಡಿಯುವಂತಿರಲಿಲ್ಲ. ಈಗ ನೋಡಿದರೆ ಸೈನ್ಯದ ಒಡೆತನದ ಕಂಪನಿಗಳು ಹೋಟೆಲು ಕಟ್ಟುತ್ತಿವೆ. 2018ರಲ್ಲಿ 47 ಲಕ್ಷವಿದ್ದ ಪ್ರವಾಸಿಗಳು 2024ರಲ್ಲಿ 22 ಲಕ್ಷಕ್ಕೆ ಇಳಿದರೂ ಹವಾನಾದಲ್ಲಿ ನಲವತ್ತಕ್ಕೂ ಹೆಚ್ಚು ಅಂತಸ್ತಿನ ಹೋಟೆಲು ಎದ್ದಿತು. ಅದೇ 2024ರ ಅಕ್ಟೋಬರಿನಲ್ಲಿ ವಿದ್ಯುತ್ ಜಾಲ ಕುಸಿದು ಇಡೀ ದ್ವೀಪ ಕತ್ತಲಲ್ಲಿ ಮುಳುಗಿತು. ಒಂದು ಕಾಲಕ್ಕೆ ವರ್ಷಕ್ಕೆ 80 ಲಕ್ಷ ಟನ್ ಸಕ್ಕರೆ ತೆಗೆದ ನಾಡು 2023ರ ಹಂಗಾಮಿನಲ್ಲಿ 4 ಲಕ್ಷ ಟನ್ನನ್ನೂ ಮುಟ್ಟಲಿಲ್ಲ. ಜನ ವಲಸೆ ಹೋಗಿ ಹೋಗಿ ಜನಸಂಖ್ಯೆಯೇ 1 ಕೋಟಿಗಿಂತ ಕೆಳಗಿಳಿಯಿತು.

ಇದಕ್ಕೆಲ್ಲ ದಿಗ್ಬಂಧನವೇ ಕಾರಣವೆಂದು ಹವಾನಾ ಹೇಳುತ್ತದೆ; ಸಮಾಜವಾದವೇ ಕಾರಣವೆಂದು ವಾಷಿಂಗ್ಟನ್ ಹೇಳುತ್ತದೆ. ಎರಡೂ ಅರ್ಧ ಸತ್ಯ, ಆದ್ದರಿಂದ ಎರಡೂ ಸುಳ್ಳು. ದಿಗ್ಬಂಧನ ಕ್ರೂರವಾದುದು, ಆದರೆ ಕಿರಾಣಿ ಅಂಗಡಿಗೆ ಬೀಗ ಹಾಕಿದ್ದು ಕೆನೆಡಿ ಅಲ್ಲ. ಆಡಳಿತದ ತಪ್ಪು ದೊಡ್ಡದು. ಆದರೆ ಹೊರಗಿನಿಂದ ಕತ್ತು ಹಿಸುಕುತ್ತ ‘ನೋಡಿ, ಇವನಿಗೆ ಉಸಿರಾಡಲು ಬರುವುದಿಲ್ಲ’ ಎನ್ನುವುದು ನ್ಯಾಯವಲ್ಲ. ಇಷ್ಟಕ್ಕೂ ಟ್ರಂಪ್ 2017 ಮತ್ತು 2019ರಲ್ಲಿ ಪ್ರವಾಸವನ್ನು ತಡೆದಾಗ ಹೊಡೆತ ಬಿದ್ದದ್ದು ಯಾರಿಗೆ? ಜನರಲ್ಲುಗಳಿಗಿಂತ ಮೊದಲು, ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ಹೆಂಗಸಿಗೆ, ನಾಲ್ಕು ಮೇಜು ಹಾಕಿ ಊಟ ಬಡಿಸುವವನಿಗೆ, ಹಳೆಯ ಷೆವರ್ಲೆ ಓಡಿಸುವ ಚಾಲಕನಿಗೆ. ಖಾಸಗಿ ಉದ್ಯಮದ ಭಕ್ತರು ಮೊದಲು ಕೊಂದದ್ದು ಖಾಸಗಿಯ ಬಡ ಉದ್ಯಮಿಯನ್ನೇ!

ಪ್ರವಾಸವೆಂದರೆ ಹೇಗಿರಬೇಕೆಂದು ನಮ್ಮ ನಾಯಕರೇ ತೋರಿಸಿದ್ದಾರೆ. 1964ರ ಮೇ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿದ್ದರು. ಬಿಳಿಯರಿಗೆ ಮಾತ್ರ ಊಟ ಕೊಡುವ ಹೋಟೆಲೊಂದು ಅವರನ್ನು ಹಿಂದೆ ಕಳಿಸಿತು. ಮರುದಿನ ಅವರು ಅಲ್ಲಿಗೇ ಮತ್ತೆ ಹೋದರು, ಪೊಲೀಸರು ಹಿಡಿದರು. ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಆ ಒಂದು ಹೋಟೆಲಿನ ಬಾಗಿಲು ಅಮೆರಿಕದ ಬಗ್ಗೆ ನೂರು ಪ್ರವಾಸಿ ಪುಸ್ತಕಗಳಿಗಿಂತ ಹೆಚ್ಚು ಕಲಿಸಿತು. ನೋಡಲು ಹೋದವನು ಅಲ್ಲಿನ ನೊಂದವರ ಪಕ್ಕದಲ್ಲಿ ನಿಂತನಲ್ಲ, ಅದು ಅಧ್ಯಯನ. ಮಿಕ್ಕದ್ದೆಲ್ಲ ಮೆರವಣಿಗೆ. ಸಾರ್ವಜನಿಕ ಹಣದಲ್ಲಿ ‘ಅಧ್ಯಯನ ಪ್ರವಾಸ’ ಹೊರಡುವ ನಮ್ಮ ಮಹಾಶಯರೂ ಇದನ್ನು ನೆನೆಯಲಿ.

ಕ್ಯೂಬಾದ ಜನ ನಮಗೆ ಪರಕೀಯರಲ್ಲ. ಸೋವಿಯತ್ ಒಕ್ಕೂಟ ಬಿದ್ದು ಆ ನಾಡು ಹಸಿದಾಗ, 1992ರಲ್ಲಿ ಭಾರತದಿಂದ ಧಾನ್ಯ ಹೊತ್ತ ಹಡಗು ಹೋಗಿತ್ತು. ಅದೇ 1992ರಿಂದ ವಿಶ್ವಸಂಸ್ಥೆಯಲ್ಲಿ ದಿಗ್ಬಂಧನದ ವಿರುದ್ಧ ನಿರ್ಣಯ ಮತಕ್ಕೆ ಬರುತ್ತಿದೆ. 2024ರಲ್ಲಿ 187 ದೇಶಗಳು ಅದರ ಪರ, ಎರಡು ಮಾತ್ರ ವಿರುದ್ಧ. 2025ರಲ್ಲಿ ಒತ್ತಡ ಹೇರಿ ಬೆಂಬಲವನ್ನು 165ಕ್ಕೆ ಇಳಿಸಿದರು. ಆದರೂ ಲೋಕದ ಮಾತು ಸ್ಪಷ್ಟವಾಗಿದೆ.

ನಮ್ಮ ಬೇಡಿಕೆಯೂ ಸ್ಪಷ್ಟ. ಅಮೆರಿಕವು ದಿಗ್ಬಂಧನವನ್ನೂ ಪ್ರವಾಸದ ಕಟ್ಟನ್ನೂ ಬೇಷರತ್ತಾಗಿ ತೆಗೆಯಬೇಕು. ಕ್ಯೂಬಾ ಸರ್ಕಾರವು ಬೀದಿಗಿಳಿದ ತಪ್ಪಿಗೆ ಜೈಲಿಗೆ ಹಾಕಿದವರನ್ನೆಲ್ಲ ಬಿಡಬೇಕು. ಕಾರ್ಮಿಕನಿಗೆ ತನ್ನ ಸಂಘ ಕಟ್ಟುವ, ತನ್ನ ಪತ್ರಿಕೆ ಹೊರಡಿಸುವ, ಮುಷ್ಕರ ಹೂಡುವ ಹಕ್ಕು ಕೊಡಬೇಕು. ಇವೆರಡರಲ್ಲಿ ಒಂದು ಮೊದಲು, ಇನ್ನೊಂದು ಆಮೇಲೆ ಎಂಬ ವ್ಯಾಪಾರಕ್ಕೆ ನಾವು ಒಪ್ಪುವುದಿಲ್ಲ. ಮತ್ತು ನಮ್ಮ ಕಾರ್ಮಿಕ ಸಂಘಗಳು, ಗುಂಪು ಪ್ರವಾಸವೆಂಬುದನ್ನು ಹಣವಂತರಿಗೇ ಬಿಟ್ಟುಕೊಡದೆ, ಗಿರಣಿಯವನು ಗಿರಣಿಯವನನ್ನು, ಬೀಡಿ ಕಟ್ಟುವವಳು ಚುಟ್ಟ ಸುತ್ತುವವಳನ್ನು, ಅಂಗಡಿಯವನು ಅಂಗಡಿಯವನನ್ನು ಕಾಣುವ ದಾರಿ ತೆರೆಯುವ ಮಾತನ್ನು ಎತ್ತಬೇಕು.

ಬಡವರು ಒಬ್ಬರನ್ನೊಬ್ಬರು ಕಂಡರೆ ಏನು ಮಾತಾಡಿಯಾರೆಂಬ ಭಯ ವಾಷಿಂಗ್ಟನ್ನಿಗೂ ಇದೆ, ಹವಾನಾಕ್ಕೂ ಇದೆ, ದೆಹಲಿಗೂ ಇಲ್ಲದಿಲ್ಲ. ಆ ಭಯವೇ ಈ ಪರವಾನಗಿಗಳ ತಾಯಿಬೇರು. ಅದನ್ನು ಕೀಳುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.