ಹಿಮಗಟ್ಟಿದ ಕೋಳಿಯೂ ಗುಪ್ತೋಷ್ಣದ ಪಾಠವೂ

ಹಿಮಗಡ್ಡೆಯು ಕರಗಿ ನೀರಾಗುತ್ತಿರುವಾಗ ಅದರ ಉಷ್ಣತೆಯು ಏರುವುದಿಲ್ಲವೇಕೆ? ಈ ಪ್ರಶ್ನೆಗೆ ಉತ್ತರ ಬರೆಯಲಾರದ ವಿದ್ಯಾರ್ಥಿಯು ನಮ್ಮ ಕಾಲೇಜುಗಳಲ್ಲಿ ವಿರಳ. ಆದರೆ ಆ ಉತ್ತರವು ಪರೀಕ್ಷೆಯ ಕೊಠಡಿಯನ್ನು ಬಿಟ್ಟು ಅಡುಗೆಮನೆಯ ಹೊಸ್ತಿಲನ್ನು ದಾಟುವುದು ಅದಕ್ಕಿಂತಲೂ ವಿರಳ. ಇದನ್ನು ವಿದ್ಯಾರ್ಥಿಗಳ ಮೇಲಣ ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹತ್ತು ವರ್ಷಗಳಿಂದ ಭೌತಶಾಸ್ತ್ರವನ್ನು ಬೋಧಿಸುತ್ತಿರುವ ನಾನೇ ಈ ತಪ್ಪಿಗೆ ಮೊದಲನೆಯ ಉದಾಹರಣೆ.

ಕಳೆದ ಮೇ ತಿಂಗಳಿನ ಮಾತು. ರಜೆಯ ನಿಮಿತ್ತ ಬನಹಟ್ಟಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬೆಳಗಿನ ಒಂಬತ್ತು ಗಂಟೆಗೆ ಬೀಳಗಿಯ ಬೀಗರು ಫೋನು ಮಾಡಿ, ಅಂದೇ ಸಂಜೆ ಬರುವುದಾಗಿ ತಿಳಿಸಿದರು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಜಮಖಂಡಿಯಿಂದ ತಂದಿರಿಸಿದ್ದ ಎರಡು ಇಡೀ ಕೋಳಿಗಳು ಒಂದಕ್ಕೊಂದು ಅಂಟಿ ಕಲ್ಲಿನಂತಾಗಿದ್ದವು. ಅಕ್ಕ ಅವನ್ನು ಬೋಗುಣಿಯಲ್ಲಿಟ್ಟು ಅಡುಗೆಮನೆಯ ಕಟ್ಟೆಯ ಮೇಲಿರಿಸಿದಳು. ಹೊರಗಿನ ಉಷ್ಣತೆ 40 ಡಿಗ್ರಿಯ ಸಮೀಪ. ಮಧ್ಯಾಹ್ನ ಮೂರು ಗಂಟೆಗೆ ಮುಟ್ಟಿ ನೋಡಿದಾಗ ಹೊರಗಿನ ಚರ್ಮ ಬೆಚ್ಚಗಿತ್ತು. ಒಳಗೆ ಹಿಮ ಹಾಗೆಯೇ ಇತ್ತು. ಅವಸರದಲ್ಲಿ ಬಚ್ಚಲಿನ ಹಂಡೆಯಿಂದ ಬಿಸಿನೀರು ಸುರಿದದ್ದಾಯಿತು. ಹೇಗೋ ಅಡುಗೆ ಸಿದ್ಧವಾಯಿತು, ಊಟವೂ ಆಯಿತು. ಬೆಳಗಾಗುವುದರೊಳಗೆ ನಾಲ್ವರಿಗೆ ವಾಂತಿಭೇದಿ ಹತ್ತಿಕೊಂಡಿತು. ಹಿರಿಯರಾದ ಬೀಗರೊಬ್ಬರು ಎರಡು ದಿನ ಆಸ್ಪತ್ರೆಯಲ್ಲಿರಬೇಕಾಯಿತು.

ಕೋಳಿಯೇ ಕಾರಣವೆಂದು ಯಾರೂ ಪರೀಕ್ಷಿಸಿ ನೋಡಲಿಲ್ಲ. ಆದರೆ ಆ ಆರು ಗಂಟೆಗಳ ಕಾಲ ನಾನು ಪಡಸಾಲೆಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆನೆಂಬುದು ನಿಜ. ಅವುಗಳಲ್ಲಿ ಗುಪ್ತೋಷ್ಣದ ಪ್ರಶ್ನೆಯಿದ್ದುದೂ ನಿಜ. ಮುಂದೆ ಈ ವಿಷಯವನ್ನು ವಿವರಿಸಿದಾಗ ಅಕ್ಕ ಕೇಳಿದ್ದು ಒಂದೇ ಮಾತು: "ತಮ್ಮಾ, ಇಷ್ಟೆಲ್ಲಾ ನಿನಗ ಗೊತ್ತಿತ್ತಲ್ಲ, ಆವತ್ತ ಯಾಕ ಹೇಳಲಿಲ್ಲ?" ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಂದು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಒಂದೂವರೆ ಕಿಲೋಗ್ರಾಂ ತೂಕದ ಕೋಳಿಯಲ್ಲಿ ಸುಮಾರು ಒಂದು ಕಿಲೋಗ್ರಾಂ ನೀರೇ ಇರುತ್ತದೆ. ಒಂದು ಗ್ರಾಂ ಹಿಮವು ಕರಗಲು 80 ಕ್ಯಾಲರಿ ಶಾಖ ಬೇಕು. ಆದುದರಿಂದ ಆ ನೀರೆಲ್ಲ ಕರಗಲು ಸುಮಾರು 80,000 ಕ್ಯಾಲರಿಗಳು ಬೇಕು. ಇಷ್ಟೇ ಶಾಖವು ಒಂದು ಕಿಲೋಗ್ರಾಂ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಏರಿಸಬಲ್ಲುದು! ಹಿಮಗಟ್ಟಿದ ಕೋಳಿಯು ಗಂಟೆಗಟ್ಟಲೆ ಮೊಂಡುತನ ತೋರುವುದರ ಮರ್ಮ ಇದೇ.

ಈ ಶಾಖವನ್ನು ತಂದುಕೊಡುವವರು ಯಾರು? ಕಟ್ಟೆಯ ಮೇಲಿಟ್ಟ ಕೋಳಿಗೆ ಗಾಳಿಯೇ ಗತಿ. ಆದರೆ ಗಾಳಿಯು ಶಾಖದ ವಿಷಯದಲ್ಲಿ ಬಹು ಜಿಪುಣ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 24 ಪಟ್ಟು ಹೆಚ್ಚು. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ಹಿಮವು ನೀರಿಗಿಂತ ನಾಲ್ಕು ಪಟ್ಟಿನಷ್ಟು ಉತ್ತಮ ವಾಹಕ. ವಸ್ತುವು ಹೆಪ್ಪುಗಟ್ಟುವಾಗ ಹೊರಪದರವು ಹಿಮವಾಗಿ ಒಳಗಿನ ಶಾಖಕ್ಕೆ ದಾರಿ ಬಿಡುತ್ತದೆ. ಕರಗುವಾಗಲಾದರೋ ಹೊರಪದರವು ಮೊದಲು ಕರಗಿ, ಕಂಬಳಿಯಂತೆ ಒಳಗಿನ ಹಿಮವನ್ನು ಹೊದ್ದುಕೊಳ್ಳುತ್ತದೆ. ಆದಕಾರಣ ಉಷ್ಣತೆಯ ವ್ಯತ್ಯಾಸವು ಸಮನಾಗಿದ್ದರೂ ಕರಗಿಸುವುದಕ್ಕೆ ಹೆಪ್ಪುಗಟ್ಟಿಸುವುದಕ್ಕಿಂತ ಹೆಚ್ಚು ಕಾಲ ಬೇಕು. ಹಂಡೆಯ ಬಿಸಿನೀರು ಮೋಸಮಾಡುವುದೂ ಇಲ್ಲಿಯೇ. ಅದು ಹೊರಪದರವನ್ನು ಬೇಗನೆ ಬೆಚ್ಚಗಾಗಿಸುತ್ತದೆ. ಒಳಗಿನ ಹಿಮಕ್ಕೆ ಆ ಶಾಖವು ತಡವಾಗಿಯೇ ತಲುಪುತ್ತದೆ.

ಬೆಚ್ಚಗಾದ ಹೊರಪದರದಲ್ಲಿ ನಡೆಯುವುದೇನು? ಫ್ರೀಜರಿನ ಚಳಿಯು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ, ಅವುಗಳಲ್ಲಿ ಬಹುಪಾಲು ನಿದ್ರಿಸುತ್ತವೆ, ಅಷ್ಟೆ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಅವು ಎಚ್ಚತ್ತು ಬೆಳೆಯುತ್ತವೆ. ಅನುಕೂಲ ಸನ್ನಿವೇಶದಲ್ಲಿ ಕೆಲವು ಜಾತಿಗಳು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಬ್ಯಾಕ್ಟೀರಿಯವು ಈ ವೇಗದಲ್ಲಿ ಆರು ಗಂಟೆಗಳ ಕಾಲ ಬೆಳೆದರೆ 2,62,144 ಆಗುತ್ತದೆ. ಅಕ್ಕನ ಕಟ್ಟೆಯ ಮೇಲೆ ಕೋಳಿಯಿದ್ದುದು ಅದೇ ಆರು ಗಂಟೆ.

ಇಲ್ಲಿ ನಮ್ಮ ಪ್ರಾಂತಕ್ಕೆ ವಿಶೇಷವಾದ ಒಂದು ಎಚ್ಚರಿಕೆಯಿದೆ. ತಂಪು ದೇಶಗಳ ಪಾಕಪುಸ್ತಕಗಳಲ್ಲಿ "ಕೋಣೆಯ ಉಷ್ಣತೆ" ಎಂದರೆ ಸುಮಾರು 20 ಡಿಗ್ರಿ. ಮುಧೋಳದ ಬೇಸಗೆಯಲ್ಲಿ ಕೋಣೆಯ ಉಷ್ಣತೆಯೆಂದರೆ ಅದಕ್ಕೆ ಇಮ್ಮಡಿ. ಕೆಡುವಂಥ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂದೂ, ಹೊರಗಿನ ಉಷ್ಣತೆ 32 ಡಿಗ್ರಿಯನ್ನು ಮೀರಿದರೆ ಒಂದೇ ಗಂಟೆಯೆಂದೂ ಅಮೆರಿಕದ ಕೃಷಿ ಇಲಾಖೆಯು ವಿಧಿಸುತ್ತದೆ. ವರ್ಷದ ಹಲವು ತಿಂಗಳು ನಮ್ಮದು "ಒಂದು ಗಂಟೆಯ" ಸೀಮೆ.

ಆ ದೇಶದಲ್ಲಿಯೂ ಈ ಸಂಕಟವು ತಪ್ಪಿದ್ದಲ್ಲ. ಕ್ರಿಸ್‌ಮಸ್ ಹಬ್ಬಕ್ಕೆ ಅಲ್ಲಿನ ಹಲವು ಮನೆಗಳಲ್ಲಿ ಏಳು ಕಿಲೋಗ್ರಾಂ ತೂಗುವ ಹಿಮಗಟ್ಟಿದ ಟರ್ಕಿ ಕೋಳಿಯನ್ನು ತರುತ್ತಾರೆ. ಅದು ಫ್ರಿಜ್ಜಿನ ಕೆಳಖಾನೆಯಲ್ಲಿ ಕರಗಲು ಮೂರು ದಿನಗಳಿಗೂ ಹೆಚ್ಚು ಕಾಲ ಬೇಕು. ಹಬ್ಬದ ಮುನ್ನಾದಿನ ನೆನಪಾದವರಿಗೆ ಅಲ್ಲಿ ಹೇಳುವ ಉಪಾಯ ತಣ್ಣೀರು. ಸುಮಾರು ಎಂಟು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಅವಸರವಾದವನಿಗೆ ಬೇಕಾದುದು ಹೆಚ್ಚಿನ ಬಿಸಿಯಲ್ಲ, ಶಾಖವನ್ನು ಚೆನ್ನಾಗಿ ಸಾಗಿಸುವ ಮಾಧ್ಯಮ ಎಂಬುದೇ ಇದರ ತಾತ್ಪರ್ಯ.

ನಮ್ಮ ಮನೆಗಳಲ್ಲಿ ಇದನ್ನು ಹೀಗೆ ಆಚರಿಸಬಹುದು. ಕೋಳಿಯನ್ನು ತೂತಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ತಣ್ಣೀರಿನಲ್ಲಿ ಪೂರ್ತಿಯಾಗಿ ಮುಳುಗಿಸಬೇಕು. ಕೋಳಿಯ ಸುತ್ತಲಿನ ನೀರು ಹಿಮದಷ್ಟೇ ತಣ್ಣಗಾಗಿ ನಿಂತುಬಿಡುವುದರಿಂದ ಆಗಾಗ ಕದಡುತ್ತಿರಬೇಕು; ಅರ್ಧ ಗಂಟೆಗೊಮ್ಮೆ ನೀರನ್ನು ಬದಲಿಸಬೇಕು. ಮಾಳಿಗೆಯ ಮೇಲಣ ಟಾಕಿಯ ನೀರು ಬೇಸಗೆಯ ಮಧ್ಯಾಹ್ನದಲ್ಲಿ ತಣ್ಣೀರಲ್ಲವೆಂಬುದನ್ನು ಮರೆಯಬಾರದು. ಮಣ್ಣಿನ ಗಡಿಗೆಯ ನೀರು ಮೇಲು. ಬೇಕಾದರೆ ನಾಲ್ಕು ಹಿಮದ ತುಂಡುಗಳನ್ನು ಸೇರಿಸಬಹುದು. ಅರ್ಧ ಕಿಲೋಗ್ರಾಮಿನ ಪೊಟ್ಟಣವು ಸುಮಾರು ಒಂದು ಗಂಟೆಯಲ್ಲಿಯೂ, ಒಂದೂವರೆ ಕಿಲೋಗ್ರಾಮಿನ ಇಡೀ ಕೋಳಿಯು ಎರಡು ಮೂರು ಗಂಟೆಗಳಲ್ಲಿಯೂ ಸಿದ್ಧವಾಗುತ್ತವೆ. ಕರಗಿದೊಡನೆ ಬೇಯಿಸಬೇಕು. ಅದಕ್ಕೂ ಸಮಯವಿಲ್ಲದಿದ್ದರೆ ಹಿಮಗಟ್ಟಿದ ಸಣ್ಣ ತುಂಡುಗಳನ್ನು ನೇರವಾಗಿ ಸಾರಿನ ಪಾತ್ರೆಗೆ ಹಾಕಬಹುದು. ಬೇಯಲು ಒಂದೂವರೆ ಪಟ್ಟು ಕಾಲ ಹಿಡಿಯುತ್ತದೆ, ಅಷ್ಟೆ. ಆದರೆ ಕಾದ ಎಣ್ಣೆಗೆ ಮಾತ್ರ ಹಿಮವನ್ನು ಎಂದಿಗೂ ಹಾಕಕೂಡದು. ಹಿಮದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಎಣ್ಣೆಯನ್ನು ಉಕ್ಕಿಸುತ್ತದೆ. ಟರ್ಕಿ ಕೋಳಿಯನ್ನು ಹೀಗೆ ಕರಿಯಲು ಹೋಗಿ ಬೆಂಕಿ ಹತ್ತಿಸಿಕೊಂಡವರು ಅಮೆರಿಕದಲ್ಲಿ ಅನೇಕರಿದ್ದಾರೆ.

ಎಲ್ಲಕ್ಕಿಂತ ಉತ್ತಮವಾದುದು ಮುಂದಾಲೋಚನೆ. ಕರಗುವ ಕಾಲವು ಹೆಚ್ಚು ಕಡಿಮೆ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇಮ್ಮಡಿ ದಪ್ಪಕ್ಕೆ ನಾಲ್ಮಡಿ ಕಾಲ. ಫ್ರೀಜರಿನಲ್ಲಿಡುವ ಮೊದಲೇ ತುಂಡುಮಾಡಿ, ಚೀಲದಲ್ಲಿ ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿಟ್ಟರೆ ಅರ್ಧ ಕಷ್ಟವೇ ಇರುವುದಿಲ್ಲ. ಮಾಂಸವನ್ನು ಮುಟ್ಟದ ಮನೆಗಳಲ್ಲಿಯೂ ಹಾಲು, ಖೋವಾ, ತುರಿದ ಕೊಬ್ಬರಿ, ಬಟಾಣಿಗಳು ಫ್ರೀಜರನ್ನು ಸೇರುತ್ತವೆ. ಅವುಗಳಿಗೂ ಇದೇ ನಿಯಮ.

"ನಾವು ಹೇಗೂ ಕುದಿಸಿಯೇ ತಿನ್ನುತ್ತೇವಲ್ಲ, ಮತ್ತೇಕೆ ಭಯ?" ಎಂದು ಕೆಲವರು ಕೇಳಿಯಾರು. ಈ ಮಾತಿನಲ್ಲಿ ಸತ್ಯಾಂಶವಿದೆ. ಸಣ್ಣ ತುಂಡುಗಳನ್ನು ಸಾರಿನಲ್ಲಿ ಚೆನ್ನಾಗಿ ಕುದಿಸುವ ನಮ್ಮ ಪದ್ಧತಿಯು ಇಡೀ ಪಕ್ಷಿಯನ್ನು ಸುಡುವ ಪದ್ಧತಿಗಿಂತ ಸುರಕ್ಷಿತ. ಮಾಂಸದ ನಡುಭಾಗವು 74 ಡಿಗ್ರಿಯನ್ನು ಮುಟ್ಟಿದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಸ್ಟೆಫಿಲೊಕಾಕಸ್ ಮುಂತಾದ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುವಾಗ ಸ್ರವಿಸುವ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ಕಳ್ಳನು ಸತ್ತರೂ ಅವನು ಬೆರೆಸಿದ ವಿಷ ಪಾತ್ರೆಯಲ್ಲಿಯೇ ಉಳಿಯುತ್ತದೆ. ಹಸಿ ಮಾಂಸದಿಂದ ಸೋರಿದ ರಸವು ಕೈಗೂ, ಈಳಿಗೆಗೂ, ಅಲ್ಲಿಂದ ಹಸಿಯಾಗಿಯೇ ತಿನ್ನುವ ಉಳ್ಳಾಗಡ್ಡಿಗೂ ಅಂಟುತ್ತದೆ. ಅದನ್ನು ಕುದಿಸುವವರು ಯಾರು?

ಇನ್ನು ನನ್ನ ಅಭಿಪ್ರಾಯ. ಗುಪ್ತೋಷ್ಣದ ಪ್ರಯೋಗವನ್ನು ನಾವು ಪ್ರಯೋಗಶಾಲೆಯ ಕ್ಯಾಲರಿಮಾಪಕಕ್ಕೆ ಸೀಮಿತಗೊಳಿಸಬಾರದು. ವಿದ್ಯಾರ್ಥಿಗಳೇ, ಸಮಗಾತ್ರದ ಎರಡು ಹಿಮದ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಮರದ ಮಣೆಯ ಮೇಲಿರಿಸಿ. ಮತ್ತೊಂದನ್ನು ತಂಬಿಗೆಯ ತಣ್ಣೀರಿನಲ್ಲಿ ಹಾಕಿ ಕದಡಿ. ಯಾವುದು ಮೊದಲು ಕರಗುವುದೆಂಬುದನ್ನು ತಾಯಿಯನ್ನೂ ಅಕ್ಕತಂಗಿಯರನ್ನೂ ಕರೆದು ತೋರಿಸಿ. ನಮ್ಮ ಮನೆಗಳಲ್ಲಿ ಅಡುಗೆಯ ಹೊಣೆಯು ಹೆಂಗಸರದೆಂದೂ, ವಿಜ್ಞಾನದ ಪುಸ್ತಕವು ಓದುವ ಹುಡುಗನದೆಂದೂ ಬಹುಕಾಲ ಪಾಲು ಹಂಚಿಕೊಂಡಿದ್ದೇವೆ. ಆ ಹಂಚಿಕೆಯ ಫಲವನ್ನು ಅಂದು ರಾತ್ರಿ ನಮ್ಮ ಬೀಗರು ಉಂಡರು.

ದೀಪಾವಳಿಯ ಮರುದಿನ ಬೀಗರು ಮತ್ತೆ ಬನಹಟ್ಟಿಗೆ ಬಂದರು. ಅಂದು ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿರಿಸಿ ಗಡಿಗೆಯ ನೀರನ್ನು ಹೊತ್ತು ತಂದವನು ನಾನು; ಅರ್ಧ ಗಂಟೆಗೊಮ್ಮೆ ಅದನ್ನು ಬದಲಿಸಿದವನು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಸೋದರಳಿಯ. ಎರಡೂವರೆ ಗಂಟೆಗಳಲ್ಲಿ ಕೋಳಿ ಕರಗಿತು. ಮರುದಿನ ಬೆಳಿಗ್ಗೆ ಎಲ್ಲರೂ ಆರೋಗ್ಯದಿಂದ ಎದ್ದು ಚಹಾ ಕುಡಿದರು.